ಪುಟ್ಟಲಕ್ಷ್ಮಮ್ಮ ಹೊಳೆ ನೋಡಲು ಹೋದದ್ದು

ಬಿಂಡಿಗನವಿಲೆಯ ನೆಂಟರಿಷ್ಟರಲ್ಲಿ ಪುಟ್ಟಲಕ್ಷ್ಮಮ್ಮನಿಗೆ ‘ಮೊದಲ ಪಂಕ್ತಿ’ ಎಂದು ಅಡ್ಡಹೆಸರಿತ್ತು. ಯಾವ ಮದುವೆಗೆ ಹೋದರೂ ಅವಳು ಮೊದಲ ಪಂಕ್ತಿಗೇ ಕೂತು ಉಂಡು, ಎಲೆ ಎತ್ತುವ ಮೊದಲೇ ಚಪ್ಪಲಿ ಹುಡುಕುತ್ತಿದ್ದಳು. ಹಸಿವಿಗಲ್ಲ, ಹಸುವಿಗೆ. ಬೆಳಿಗ್ಗೆ ಐದಕ್ಕೆ ಒಂದು ಸಲ, ಸಂಜೆ ಐದೂವರೆಗೆ ಒಂದು ಸಲ ಹಾಲು ಕರೆದು ಡೈರಿಗೆ ಹಾಕಬೇಕು. ಈ ಎರಡು ಹೊತ್ತಿನ ನಡುವೆ ಹೋಗಿ ಬರುವಷ್ಟು ದೂರವೇ ಅವಳ ಪ್ರಪಂಚ. ಅತ್ತ ನಾಗಮಂಗಲ, ಇತ್ತ ತವರೂರು ದೇವಲಾಪುರ. ಅದರಾಚೆ ಯಾರಾದರೂ ಮದುವೆ ಇಟ್ಟುಕೊಂಡರೆ ಮುಯ್ಯಿ ಕಳಿಸಿ ಸುಮ್ಮನಾಗುತ್ತಿದ್ದಳು.

ಹಸು ಸೀಮೆಹಸು, ಹೆಸರು ಗೌರಿ. ಅದರ ತಾಯಿಯನ್ನು ಬ್ಯಾಂಕಿನ ಸಾಲದಲ್ಲಿ ತಂದಾಗ ಊರಿನವರು, ಮಳೆ ನಂಬಿಕೊಂಡ ಹೊಲದವರಿಗೆ ಇಂಥ ಹಸು ಯಾಕೆ, ಮೇವಿಗೆ ಎಲ್ಲಿಗೆ ಹೋಗುತ್ತೀರಿ ಎಂದು ಆಡಿಕೊಂಡಿದ್ದರು. ಪುಟ್ಟಲಕ್ಷ್ಮಮ್ಮ ಬದುವಿನ ಹುಲ್ಲು ಕೊಯ್ದು, ಕೆರೆಯಂಗಳದ ಗರಿಕೆ ಹೊತ್ತು, ಮೂರು ವರ್ಷಕ್ಕೆ ಆ ಸಾಲ ತೀರಿಸಿದ್ದಳು. ತಾಯಿ ಹಸು ಹೋಗಿ ಮಗಳು ಹಸು ಕರಾವಿಗೆ ಬಂತು. ತಾಯಿ ಸಾಧು, ಮಗಳು ಹಾಗಲ್ಲ. ಪುಟ್ಟಲಕ್ಷ್ಮಮ್ಮನ ಕೈ ಬಿಟ್ಟು ಇನ್ನೊಂದು ಕೈ ಕೆಚ್ಚಲಿಗೆ ತಾಗಿದರೆ ಸಾಕು, ಹಿಂದಿನ ಕಾಲು ಏಳುತ್ತಿತ್ತು. ಒಮ್ಮೆ ಅವಳಿಗೆ ಜ್ವರ ಬಂದಿದೆಯೆಂದು ಗಂಡ ಚಿಕ್ಕಸಿದ್ದಯ್ಯ ಚೊಂಬು ಹಿಡಿದು ಕೂತವನು ಒಂದು ವಾರ ಕುಂಟಿದ. ಆಮೇಲೆ ಅವನು ಕೊಟ್ಟಿಗೆಯಲ್ಲಿ ಗೌರಿಯ ಮುಖದ ಕಡೆಯಿಂದ ಮಾತ್ರ ಓಡಾಡುತ್ತಿದ್ದ.

ಹೀಗೆ ಒಂಬತ್ತು ವರ್ಷ ಪುಟ್ಟಲಕ್ಷ್ಮಮ್ಮ ಒಂದು ರಾತ್ರಿಯೂ ಬೇರೆ ಮನೆಯಲ್ಲಿ ಮಲಗಲಿಲ್ಲ. ಅದನ್ನು ಅವಳು ಕಷ್ಟವೆಂದು ಎಲ್ಲೂ ಹೇಳಿಕೊಂಡವಳಲ್ಲ. ಮನೆಗೆ ಹೆಂಚು ಬಂದದ್ದು, ಮಗಳು ಮಮತ ಹೈಸ್ಕೂಲಿಗೆ ಸೇರಿದ್ದು, ಮಗ ಶಶಿಗೆ ಕಾಲಿಗೆ ಬೂಟು ಬಂದದ್ದು, ಎಲ್ಲ ಆ ಎರಡು ಹೊತ್ತಿನಿಂದಲೇ ಎಂದು ಅವಳಿಗೆ ಗೊತ್ತಿತ್ತು.

ತೊಂಬತ್ತೇಳನೇ ಇಸವಿಯ ದಸರಾ ರಜೆಗೆ ಇನ್ನೂ ಒಂದು ತಿಂಗಳಿರುವಾಗ ಹೈಸ್ಕೂಲಿನ ಲೆಕ್ಕದ ಮೇಷ್ಟ್ರು ರಂಗಸ್ವಾಮಿ ಒಂಬತ್ತನೇ ಕ್ಲಾಸಿಗೆ ಒಂದು ಹೊಸ ತರಹದ ಮನೆಗೆಲಸ ಕೊಟ್ಟರು. ಪ್ರತಿಯೊಬ್ಬರೂ ತಮ್ಮ ಮನೆಮಂದಿಗೆಲ್ಲ ಒಂದು ಪ್ರವಾಸದ ಯೋಜನೆ ಹಾಕಬೇಕು. ಯಾವ ಬಸ್ಸು, ಎಷ್ಟು ಗಂಟೆಗೆ, ಎಷ್ಟು ಚಾರ್ಜು, ಊಟ ಎಲ್ಲಿ, ಮಲಗುವುದು ಎಲ್ಲಿ, ಎಲ್ಲ ಬರೆಯಬೇಕು. ಚಾರ್ಜು ಎಷ್ಟೆಂದು ಊಹೆ ಮಾಡಕೂಡದು, ಕಂಡಕ್ಟರನ್ನೇ ಕೇಳಿ ತಿಳಿಯಬೇಕು. ಮನೆಯಲ್ಲಿ ನಿಜವಾಗಿ ಎಷ್ಟು ದುಡ್ಡು ಹೊಂದುತ್ತದೋ ಅಷ್ಟರೊಳಗೇ ಮುಗಿಯಬೇಕು. ಇಪ್ಪತ್ತೈದು ಅಂಕ.

ಮಮತ ಆ ರಾತ್ರಿಯೇ ಕೂತು ಮೈಸೂರು, ಊಟಿ ಎಂದು ಮೂರು ದಿನದ ಪ್ರವಾಸ ಬರೆದಳು. ಆರನೇ ಕ್ಲಾಸಿನ ಶಶಿಗೆ ಇದು ಪಾಠವೇ ಅಲ್ಲ, ಆದರೂ ಪಟ್ಟಾಗಿ ಪಕ್ಕದಲ್ಲಿ ಕೂತು ಆನೆ ಸವಾರಿ ಸೇರಿಸಿದ. ಮಮತ ಬಸ್ ಸ್ಟ್ಯಾಂಡಿನಲ್ಲಿ ಎರಡು ದಿನ ನಿಂತು ಕಂಡಕ್ಟರುಗಳನ್ನು ಕೇಳಿ ಚಾರ್ಜು ತುಂಬಿದಳು. ಕೂಡಿದ್ದರಲ್ಲಿ ಒಂದು ಪೈಸೆಯೂ ತಪ್ಪಿರಲಿಲ್ಲ. ಆದರೆ ಮೇಷ್ಟ್ರು ಪುಸ್ತಕ ವಾಪಸು ಕೊಟ್ಟಾಗ ಅಂಕದ ಜಾಗ ಖಾಲಿ ಇತ್ತು. ಅಡಿಯಲ್ಲಿ ಕೆಂಪು ಇಂಕಿನಲ್ಲಿ ಒಂದೇ ಸಾಲು: ‘ಈ ಮೂರು ದಿನ ಹಸುವಿನ ಹಾಲು ಕರೆಯುವವರು ಯಾರು?’

ಮೇಷ್ಟ್ರು ಅದೇ ಊರಿನಲ್ಲಿ ಬಾಡಿಗೆಗಿದ್ದವರು. ಬೆಳಿಗ್ಗೆ ಡೈರಿಯ ಮುಂದೆ ವಾಕಿಂಗ್ ಹೋಗುವಾಗ ಕ್ಯಾನು ಹಿಡಿದ ಪುಟ್ಟಲಕ್ಷ್ಮಮ್ಮನನ್ನು ದಿನವೂ ನೋಡುತ್ತಿದ್ದರು. ಮಮತ ಮುಖ ಊದಿಸಿಕೊಂಡು ನಿಂತದ್ದು ಕಂಡು ಅವರು, ನಿನ್ನ ಲೆಕ್ಕ ಸರಿ ಇದೆ, ಆದರೆ ಇದು ಯಾರ ಮನೆಯ ಪ್ರವಾಸವೋ ತಿಳಿಯಲಿಲ್ಲ, ಮನೆಯಲ್ಲಿ ಒಬ್ಬೊಬ್ಬರನ್ನೂ ಏನು ನೋಡಬೇಕು ಅಂತ ಕೇಳಿ ಬಾ ಎಂದು ಕಳಿಸಿದರು.

ಕೇಳಿದ್ದಾಯಿತು. ಶಶಿಗೆ ರೈಲು. ಅವನು ರೈಲನ್ನು ಪುಸ್ತಕದಲ್ಲಿ ಬಿಟ್ಟು ಬೇರೆಲ್ಲೂ ನೋಡಿರಲಿಲ್ಲ. ಚಿಕ್ಕಸಿದ್ದಯ್ಯ ಬಹಳ ಹೊತ್ತು ತಲೆ ಕೆರೆದುಕೊಂಡು, ನಾಲೆ ಬಯಲಿನಲ್ಲಿ ಕಬ್ಬಿನ ಗದ್ದೆಯ ಬದುವಿನ ಮೇಲೆ ಕೂತು ಒಂದು ಬೀಡಿ ಸೇದಬೇಕು ಎಂದ. ಹುಟ್ಟಿದಾಗಿನಿಂದ ಆಕಾಶ ನೋಡಿ ರಾಗಿ ಬಿತ್ತಿದವನಿಗೆ, ಕೇಳದೆಯೇ ನೀರು ಹರಿದು ಬರುವ ಗದ್ದೆಯೊಂದು ಹೇಗಿರುತ್ತದೆ ಎಂದು ನೋಡುವ ಆಸೆ. ಮಮತ ತನ್ನ ಹೆಸರಿನ ಮುಂದೆ ‘ಹೋಟೆಲಿನಲ್ಲಿ ಮಸಾಲೆ ದೋಸೆ’ ಎಂದು ಬರೆದುಕೊಂಡಳು. ಉಳಿದವಳು ಅವ್ವ.

‘ನಂದೇನೈತೆ ಬುಡು’ ಎಂದು ಅವಳು ಮೊದಲ ದಿನ ಹೇಳಿದಳು. ಎರಡನೆಯ ದಿನ ಬೈದಳು. ಮೂರನೆಯ ದಿನ ಸಂಜೆ ಮಮತ ಕೊಟ್ಟಿಗೆಯ ಕಂಬಕ್ಕೆ ಒರಗಿ, ಪುಸ್ತಕ ತೆರೆದು ಪೆನ್ನು ಹಿಡಿದು ಸುಮ್ಮನೆ ನಿಂತುಬಿಟ್ಟಳು. ಪುಟ್ಟಲಕ್ಷ್ಮಮ್ಮ ಹಾಲು ಕರೆಯುತ್ತಾ ಇದ್ದಳು. ಪಾತ್ರೆ ಅರ್ಧ ತುಂಬಿದ ಮೇಲೆ, ಹಸುವಿಗೆ ಹೇಳುವಂತೆ, ಮಗಳ ಕಡೆ ತಿರುಗದೆಯೇ ಹೇಳಿದಳು.

‘ನಿಮ್ಮಜ್ಜಿ, ನಮ್ಮವ್ವ, ಸತ್ತಾಗ ಬೂದಿ ಬುಡಕ್ಕೆ ಶ್ರೀರಂಗಪಟ್ಣಕ್ಕೆ ಓಗಿದ್ನಲ್ಲ, ಆವತ್ತೇ ಕಣವ್ವ ನಾನು ಕಾವೇರಿ ಕಂಡಿದ್ದು. ಕಂಡಿದ್ದು ಅಂದ್ರೆ ಕಂಡಿದ್ದೂ ಅಲ್ಲ. ಕಣ್ಣ್ ತುಂಬಾ ನೀರು. ಒದ್ದೆ ಸೀರೆಲೇ ಟೆಂಪೋ ಅತ್ತಿ ಬಂದ್ಬುಟ್ಟೆ, ಅಸ ಕರೆಯೋ ಒತ್ತಾಗೋಯ್ತು ಅಂತ. ಒಂದ್ಸಲ ಅಳದಂಗೆ ಆ ಒಳೆ ನೋಡ್ಬೇಕು.’

ಮಮತ ಬರೆದುಕೊಂಡಳು. ಅವಳಿಗೆ ಆಗ ಹದಿನಾಲ್ಕು. ಆದರೂ ಆ ಸಾಲನ್ನು ಬರೆದ ಮೇಲೆ ಊಟಿಯ ಹೆಸರನ್ನು ಅವಳು ಮತ್ತೆ ಎತ್ತಲಿಲ್ಲ.

ದುಡ್ಡಿಗೆ ದಾರಿ ಇತ್ತು. ಡೈರಿಯವರು ವರ್ಷಕ್ಕೊಮ್ಮೆ ಕೊಡುವ ಬೋನಸ್ಸು ಆ ಸಲ ನಾನೂರ ಅರವತ್ತು ಬಂದಿತ್ತು. ಅದನ್ನು ಪುಟ್ಟಲಕ್ಷ್ಮಮ್ಮ ಒಂದು ಹಿತ್ತಾಳೆ ಹಂಡೆಗೆಂದು ಇಟ್ಟಿದ್ದಳು. ಹಂಡೆ ಎಲ್ಲಿಗೂ ಓಡಿಹೋಗುವುದಿಲ್ಲ ಎಂದು ಚಿಕ್ಕಸಿದ್ದಯ್ಯನೇ ಮೊದಲು ಹೇಳಿದ. ದಾರಿಯೂ ಸಿಕ್ಕಿತು: ನಾಗಮಂಗಲದಿಂದ ಬಸ್ಸಿನಲ್ಲಿ ಪಾಂಡವಪುರದ ರೈಲ್ವೆ ಸ್ಟೇಷನ್ನಿಗೆ, ಅಲ್ಲಿಂದ ಒಂದೇ ಒಂದು ಸ್ಟೇಷನ್ನು ರೈಲಿನಲ್ಲಿ ಶ್ರೀರಂಗಪಟ್ಟಣಕ್ಕೆ. ಕಬ್ಬಿನ ಗದ್ದೆ ದಾರಿಯಲ್ಲೇ ಸಿಗುತ್ತದೆ.

ತೊಡಕಾದದ್ದು ಗಡಿಯಾರದ ಲೆಕ್ಕ. ಶಶಿ ಅದನ್ನು ಸ್ಲೇಟಿನ ಮೇಲೆ ಹಾಕಿದ. ಬೆಳಿಗ್ಗೆ ಡೈರಿಗೆ ಹಾಲು ಹಾಕಿ ಏಳರ ಬಸ್ಸು. ಸಂಜೆ ಐದೂವರೆಗೆ ಕೊಟ್ಟಿಗೆ. ನಡುವೆ ಹೋಗುವುದಕ್ಕೂ ಬರುವುದಕ್ಕೂ ಕಾಯುವುದಕ್ಕೂ ಕಳೆದು ನೋಡಿದರೆ ಹೊಳೆಗೆ ಉಳಿದದ್ದು ನಲವತ್ತು ನಿಮಿಷ. ರೈಲು ತಡವಾದರೆ ಅದೂ ಇಲ್ಲ. ಪುಟ್ಟಲಕ್ಷ್ಮಮ್ಮ ಸ್ಲೇಟು ನೋಡಿ ನಕ್ಕುಬಿಟ್ಟಳು. ಇದೂ ಮೊದಲ ಪಂಕ್ತಿಯೇ ಆಯಿತಲ್ಲ, ನೀವು ಮೂರೂ ಜನ ಹೋಗಿ ಬನ್ನಿ ಎಂದಳು.

ಮಮತ ಅದಕ್ಕೆ ಒಪ್ಪಲಿಲ್ಲ. ಊರಿನಲ್ಲಿ ಹುಂಬ ಹಸುವನ್ನೂ ಪಳಗಿಸುವ ಕೈ ಅಂದರೆ ಒಬ್ಬರದೇ, ಪಕ್ಕದ ಮನೆಯ ಸೋಮಮ್ಮನದು. ಆದರೆ ಸೋಮಮ್ಮನಿಗೂ ಪುಟ್ಟಲಕ್ಷ್ಮಮ್ಮನಿಗೂ ಮಾತು ಬಿಟ್ಟು ಎರಡು ವರ್ಷವಾಗಿತ್ತು. ಸೋಮಮ್ಮನ ಕುರಿಗಳು ಹಿತ್ತಿಲಿನ ಅವರೆ ಬಳ್ಳಿ ಮೇಯ್ದಿದ್ದವು. ಬಳ್ಳಿ ಮತ್ತೆ ಚಿಗುರಿತು, ಬಾಯಿಗೆ ಬಂದ ಮಾತು ಮಾತ್ರ ಒಳಕ್ಕೆ ಹೋಗಲಿಲ್ಲ. ಒಂದೇ ನಲ್ಲಿಯಲ್ಲಿ ನೀರು ಹಿಡಿಯುವಾಗಲೂ ಇಬ್ಬರೂ ಒಬ್ಬರಿಗೊಬ್ಬರು ಬೆನ್ನು ಕೊಟ್ಟು ನಿಲ್ಲುತ್ತಿದ್ದರು. ಮಮತ ಅವ್ವನಿಗೆ ಹೇಳದೆ ಸೋಮಮ್ಮನ ಮನೆಗೆ ಹೋಗಿ, ಎರಡು ದಿನ ಹಾಲು ಕರೆದುಕೊಟ್ಟರೆ ಇಪ್ಪತ್ತು ರೂಪಾಯಿ ಕೊಡುತ್ತೇವೆ, ನಮ್ಮ ಯೋಜನೆಯಲ್ಲಿ ಬರೆದಿದ್ದೀನಿ ದೊಡ್ಡವ್ವ ಎಂದಳು.

ಸೋಮಮ್ಮ ಮೊರದಿಂದ ಕಣ್ಣೆತ್ತದೆ ಹುರುಳಿ ಕೇರುತ್ತಲೇ ಹೇಳಿದಳು: ‘ದುಡ್ ಯಾರ್ ಕೇಳುದ್ರು ನಿನ್ನ? ನಿಮ್ಮವ್ವುಂಗೆ ಬಾಯಿಲ್ವ? ಅವಳೇ ಬಂದು ಕೇಳ್ಲಿ.’

ಮಾತು ಮನೆಗೆ ಬಂದಾಗ ಪುಟ್ಟಲಕ್ಷ್ಮಮ್ಮ ಸಿಟ್ಟಾದಳು. ಯಾರು ಹೋಗು ಅಂದರು ನಿನ್ನ, ಬಳ್ಳಿ ಮೇಯಿಸಿದವಳು ಅವಳು, ಬಾಗಿಲಿಗೆ ಹೋಗಬೇಕಾದವಳು ನಾನೋ ಎಂದು ಮುದ್ದೆ ತಿರುವುವ ಕೋಲು ಎತ್ತಿದಳು. ಮಾರನೆಯ ಬೆಳಿಗ್ಗೆ ಹಾಲು ಹಾಕಿ ಬರುವಾಗ ಅವಳ ಕಾಲು ತಾನಾಗಿಯೇ ಸೋಮಮ್ಮನ ಜಗಲಿಯ ಹತ್ತಿರ ನಿಧಾನವಾಯಿತು. ಒಂದು ಸಲ ದಾಟಿ ಹೋದಳು. ತಿರುಗಿ ಬಂದಳು. ಸೋಮಮ್ಮ ಬಾಗಿಲಿಗೆ ನೀರು ಹಾಕುತ್ತಿದ್ದವಳು ಚೆಂಬು ಕೆಳಗಿಟ್ಟಳು.

‘ಸೋಮಕ್ಕ, ನಾನು ಒಳೆ ನೋಡಕ್ಕೆ ಓಗ್ಬೇಕು’ ಎಂದಳು ಪುಟ್ಟಲಕ್ಷ್ಮಮ್ಮ. ಇನ್ನೂ ಏನೇನೋ ಹೇಳಬೇಕೆಂದು ದಾರಿಯುದ್ದಕ್ಕೂ ಕೂಡಿಸಿಕೊಂಡು ಬಂದಿದ್ದಳು. ಬಾಯಿಗೆ ಬಂದದ್ದು ಇಷ್ಟೇ.

‘ಓಗು ಮತ್ತೆ, ಬ್ಯಾಡ ಅಂದೋರ್ಯಾರು?’ ಎಂದಳು ಸೋಮಮ್ಮ. ಚೆಂಬು ಎತ್ತಿಕೊಂಡು, ‘ಸಂಜೆ ಬತ್ತೀನಿ. ನಿಂದೊಂದು ಅಳೇ ಸೀರೆ ತೆಗ್ದಿಡು’ ಎಂದಳು.

ಹಸುವಿಗೆ ಕಣ್ಣಿಗಿಂತ ಮೂಗು ಮುಂದು ಎಂದು ಸೋಮಮ್ಮನ ಅನುಭವ. ಆ ಸಂಜೆ ಅವಳು ಪುಟ್ಟಲಕ್ಷ್ಮಮ್ಮನ ಕೊಟ್ಟಿಗೆಯ ಸೀರೆಯನ್ನೇ ಉಟ್ಟು, ಸೆರಗನ್ನು ಅವಳಂತೆಯೇ ತಲೆಗೆ ಬಿಗಿದು ಗೌರಿಯ ಪಕ್ಕ ಕುಕ್ಕರಗಾಲಿನಲ್ಲಿ ಕೂತಳು. ಗೌರಿ ಮೂಸಿತು, ಕಾಲು ಎತ್ತಲಿಲ್ಲ. ಆದರೆ ಹಾಲೂ ಬಿಡಲಿಲ್ಲ. ಮೊಲೆ ಎಷ್ಟು ಎಳೆದರೂ ತಳ ಮುಚ್ಚುವಷ್ಟು ಬಂತು, ಅಷ್ಟೆ. ಎರಡನೆಯ ದಿನವೂ ಹಾಗೇ. ಏನೋ ಒಂದು ಕಡಿಮೆಯಾಗಿದೆ ಎಂದು ಸೋಮಮ್ಮ ಯೋಚಿಸಿ ಕೇಳಿದಳು: ‘ಕರೆಯುವಾಗ ನೀನು ಏನೋ ಗೊಣಗ್ತಾ ಇರ್ತೀಯಲ್ಲ, ನಮ್ಮ ಗೋಡೆಗೆ ಕೇಳುಸ್ತದೆ. ಏನ್ ಏಳ್ತೀಯ ಅದುಕ್ಕೆ? ಆ ಮಾತು ಬೇಕು ಅದುಕ್ಕೆ.’

ಪುಟ್ಟಲಕ್ಷ್ಮಮ್ಮನ ಮುಖ ಕೆಂಪಾಯಿತು. ಏನೂ ಇಲ್ಲ, ಸುಮ್ಮನೆ ಏನೇನೋ ಎಂದಳು. ಸೋಮಮ್ಮ ಬಿಡಲಿಲ್ಲ. ಕೊನೆಗೆ ಪುಟ್ಟಲಕ್ಷ್ಮಮ್ಮ ನೆಲ ನೋಡುತ್ತಾ ಹೇಳಿಬಿಟ್ಟಳು: ‘ನಿಮ್ಮನ್ನೇ ಬೈತಿದ್ದೆ ಕಣಕ್ಕ. ಎರಡು ವರ್ಸದಿಂದ.’

ಬಾಗಿಲಿನಲ್ಲಿ ನಿಂತಿದ್ದ ಮಮತಳಿಗೆ ಯೋಜನೆ ಮುಗಿದೇ ಹೋಯಿತು ಅನ್ನಿಸಿತು. ಆಮೇಲೆ ಸೋಮಮ್ಮನ ಹೊಟ್ಟೆ ಕುಲುಕಲು ಶುರುವಾಯಿತು. ಅವಳು ನಕ್ಕು ನಕ್ಕು ಕೂತಲ್ಲಿಂದ ಹಿಂದಕ್ಕೆ ಬಿದ್ದಳು. ಪಾತ್ರೆ ಉರುಳಿತು. ಪುಟ್ಟಲಕ್ಷ್ಮಮ್ಮನಿಗೂ ನಗು ತಡೆಯಲಾಗಲಿಲ್ಲ. ಸೋಮಮ್ಮ ಕಣ್ಣೊರೆಸಿಕೊಂಡು ಎದ್ದು ಕೂತು, ಹಾಗಾದರೆ ಬೈಗುಳವನ್ನೂ ಕಲಿಸು ಎಂದಳು. ಮೂರನೆಯ ದಿನ ಸೋಮಮ್ಮ ಪುಟ್ಟಲಕ್ಷ್ಮಮ್ಮನ ದನಿಯಲ್ಲಿ ತನ್ನನ್ನು ತಾನೇ ಬೈದುಕೊಳ್ಳುತ್ತಾ ಕೂತಾಗ ಗೌರಿ ಕಿವಿ ಆಡಿಸಿ, ಕಾಲು ಸಡಿಲಿಸಿ, ಮೂರೂಕಾಲು ಲೀಟರು ಹಾಲು ಬಿಟ್ಟಿತು. ದುಡ್ಡಿನ ಮಾತು ಮತ್ತೆ ಬರಲಿಲ್ಲ. ಮಾಗಿಯಲ್ಲಿ ಸೋಮಮ್ಮನ ಮಗಳ ಹೆರಿಗೆಯಿತ್ತು, ಆಗ ಹತ್ತು ದಿನ ಕುರಿ ನೋಡಿಕೊಳ್ಳುವುದು ಪುಟ್ಟಲಕ್ಷ್ಮಮ್ಮನ ಪಾಲು ಎಂದು ಮಾತಾಯಿತು. ಮಮತ ಯೋಜನೆಯಲ್ಲಿ ‘ಇಪ್ಪತ್ತು ರೂಪಾಯಿ’ ಹೊಡೆದು ‘ಹತ್ತು ದಿನದ ಕುರಿ’ ಎಂದು ಬರೆದಳು.

ಈಗ ಒಂದು ರಾತ್ರಿಯೂ ಕೈಗೆ ಬಂತು. ಶ್ರೀರಂಗಪಟ್ಟಣದ ಮಗ್ಗುಲಿನ ಬಾಬುರಾಯನಕೊಪ್ಪಲಿನಲ್ಲಿ ಚಿಕ್ಕಸಿದ್ದಯ್ಯನ ಅಕ್ಕ ಕುಳ್ಳಮ್ಮನ ಮನೆ ಇತ್ತು. ತಮ್ಮನ ಹೆಂಡತಿ ಒಂದು ದಿನವೂ ನಮ್ಮ ಮನೆಯಲ್ಲಿ ಉಳಿಯಲಿಲ್ಲ ಎಂದು ಆಕೆ ಕಂಡವರೊಡನೆಲ್ಲ ಹೇಳುತ್ತಿದ್ದಳು. ಕಾರ್ಡು ಬರೆದರು. ಬಂದ ಉತ್ತರದಲ್ಲಿ ಒಂದೇ ವಾಕ್ಯವಿತ್ತು: ಬಸ್ಸು ಇಳಿಯುವ ತನಕ ನಾನು ನಂಬುವುದಿಲ್ಲ.

ವಿಜಯದಶಮಿ ಮುಗಿದ ಮಂಗಳವಾರ ಬೆಳಿಗ್ಗೆ ನಾಲ್ವರೂ ಹೊರಟರು. ಪುಟ್ಟಲಕ್ಷ್ಮಮ್ಮ ತನ್ನ ಮದುವೆಯ ನೀಲಿ ಸೀರೆ ಉಟ್ಟಿದ್ದಳು. ಬುತ್ತಿಗೆ ರಾಗಿರೊಟ್ಟಿ, ಹುಚ್ಚೆಳ್ಳು ಚಟ್ನಿ. ಬಸ್ಸು ಹೊರಡುವಾಗ ಅವಳು ಮೂರು ಸಲ ಕಿಟಕಿಯಿಂದ ಕತ್ತು ಹೊರಗೆ ಹಾಕಿ, ಹಿಂಡಿ ನೆನೆಹಾಕಿದ್ದೀನಿ, ಬೂಸಾ ಡಬ್ಬದಲ್ಲಿದೆ, ಸಂಜೆ ಸೊಳ್ಳೆಗೆ ಹೊಗೆ ಹಾಕು ಎಂದು ಸೋಮಮ್ಮನಿಗೆ ಹೇಳಿದಳು. ನಾಗಮಂಗಲ ದಾಟುವವರೆಗೂ ಅವಳ ಮನಸ್ಸು ಕೊಟ್ಟಿಗೆಯಲ್ಲೇ ಇತ್ತು. ಅದರಾಚೆಗಿನ ದಾರಿ ಅವಳಿಗೆ ಹೆಚ್ಚು ಗೊತ್ತಿಲ್ಲದ್ದು. ಕಲ್ಲುಗುಡ್ಡ, ಹುರುಳಿ ಹೊಲ, ಜಾಲಿ ಎಲ್ಲ ಹಿಂದಕ್ಕೆ ಸರಿದು, ಪಾಂಡವಪುರ ಹತ್ತಿರವಾದಂತೆ ಒಮ್ಮೆಗೇ ಎರಡು ಕಡೆಯೂ ಹಸಿರು ನುಗ್ಗಿ ಬಂತು. ಅವಳು ಮಗಳ ಕೈ ಹಿಡಿದುಕೊಂಡಳು.

ಪಾಂಡವಪುರ ಸ್ಟೇಷನ್ನಿನ ಹತ್ತಿರ ಇಳಿದಾಗ ರೈಲಿಗೆ ಇನ್ನೂ ಒಂದೂವರೆ ಗಂಟೆ ಇತ್ತು. ಅದು ಮಮತ ಚಿಕ್ಕಸಿದ್ದಯ್ಯನಿಗೆಂದು ಇಟ್ಟ ಸಮಯ. ಅವನು ಒಂದು ಕಬ್ಬಿನ ಗದ್ದೆಯ ಬದುವಿನ ಮೇಲೆ ಟವೆಲ್ಲು ಹಾಸಿ ಕೂತ. ಪಕ್ಕದ ಕಾಲುವೆಯಲ್ಲಿ ನೀರು ತನ್ನ ಪಾಡಿಗೆ ತಾನು ಹರಿಯುತ್ತಿತ್ತು. ಬೀಡಿ ಹಚ್ಚಿದ. ಗದ್ದೆಯ ಯಜಮಾನ ನೀರು ಕಟ್ಟುತ್ತಾ ಬಂದು, ಯಾವೂರು ಎಂದು ಕೇಳಿ, ಇಬ್ಬರೂ ಮಾತಿಗೆ ಬಿದ್ದರು. ನೀರಿದ್ದವನಿಗೂ ಕಷ್ಟಗಳಿದ್ದವು: ಕಟಾವಿಗೆ ಆಳಿಲ್ಲ, ಗದ್ದೆಯಲ್ಲಿ ಇಲಿ, ಸದಾ ಕೆಸರು. ಚಿಕ್ಕಸಿದ್ದಯ್ಯ ಎಲ್ಲ ಕೇಳಿ, ಎರಡು ಜಲ್ಲೆ ಕಬ್ಬು ಹೊತ್ತುಕೊಂಡು ಬಂದ. ಅವನ ಮುಖ ನೋಡಿದರೆ ನಾಲೆಯ ಅರ್ಧ ನೀರು ಕುಡಿದುಬಂದವನಂತಿತ್ತು.

ರೈಲು ಅರ್ಧ ಗಂಟೆ ತಡವಾಗಿ ಬಂತು. ಯಾರಿಗೂ ಅವಸರವಿರಲಿಲ್ಲ. ಒಂದೇ ಸ್ಟೇಷನ್ನಿನ ಪ್ರಯಾಣಕ್ಕೆ ಶಶಿ ಕಿಟಕಿಗೆ ಅಂಟಿಕೊಂಡು ನಿಂತ. ಹತ್ತು ನಿಮಿಷವೂ ಆಗಿರಲಿಲ್ಲ, ಗಾಲಿಯ ಸದ್ದು ಬದಲಾಯಿತು, ಟೊಳ್ಳಾಗಿ ದಡದಡ ಎನ್ನತೊಡಗಿತು. ‘ಅವ್ವ, ಸೇತುವೆ’ ಎಂದ ಶಶಿ. ಪುಟ್ಟಲಕ್ಷ್ಮಮ್ಮ ತಿರುಗಿ ನೋಡಿದಳು. ಕೆಳಗೆ, ಬಂಡೆಗಳ ನಡುವೆ ಸೀಳಿಕೊಂಡು ಮತ್ತೆ ಕೂಡಿಕೊಂಡು, ಬಿಸಿಲಿನಲ್ಲಿ ಹೊಳೆಯುತ್ತಾ ಕಾವೇರಿ ಹೋಗುತ್ತಿದ್ದಳು. ಮಳೆಗಾಲ ಮುಗಿದ ಹೊಸತು, ನೀರು ತುಂಬ ಇತ್ತು. ರೈಲು ದಾಟಿದ ಮೇಲೂ ಅವಳು ಅದೇ ದಿಕ್ಕಿಗೆ ನೋಡುತ್ತಿದ್ದಳು.

ಬುತ್ತಿ ಮುಗಿಸಿ ಅವರು ಸ್ನಾನಘಟ್ಟಕ್ಕೆ ಬಂದಾಗ ಮಧ್ಯಾಹ್ನ ಎರಡೂವರೆ. ಮೆಟ್ಟಿಲುಗಳ ಒಂದು ಮೂಲೆಯಲ್ಲಿ ಯಾವುದೋ ಊರಿನವರು ಬೂದಿಯ ಮಡಕೆ ತಂದಿದ್ದರು. ಗಂಡಸರು ಪುರೋಹಿತರ ಸುತ್ತ ಇದ್ದರು. ಸ್ವಲ್ಪ ದೂರದಲ್ಲಿ ಒಬ್ಬ ಹೆಂಗಸು, ಇಪ್ಪತ್ತೈದು ಆಗಿದ್ದರೆ ಹೆಚ್ಚು, ನೆನೆದ ಸೀರೆಯಲ್ಲಿ ಒಬ್ಬಳೇ ನಿಂತು ನಡುಗುತ್ತಿದ್ದಳು. ಚಿಕ್ಕಸಿದ್ದಯ್ಯ ಅದನ್ನು ಮೊದಲು ಕಂಡ. ಹೆಂಡತಿ ಅಳಬಾರದು ಎಂದೇ ಅಲ್ಲವೇ ಇಲ್ಲಿಗೆ ಬಂದದ್ದು, ಬೇರೆ ಕಡೆ ಹೋಗೋಣ ಎಂದು ಮಕ್ಕಳಿಗೆ ಕಣ್ಣಿನಲ್ಲೇ ಹೇಳಿದ. ಅಷ್ಟರಲ್ಲಿ ಪುಟ್ಟಲಕ್ಷ್ಮಮ್ಮ ಅತ್ತಲೇ ಇಳಿದು ಹೋಗಿದ್ದಳು.

ಅವಳು ಚೀಲದಿಂದ ಒಣ ಟವೆಲ್ಲು ತೆಗೆದು, ಏನೂ ಕೇಳದೆ, ಆ ಹೆಂಗಸಿನ ತಲೆ ಒರೆಸಿದಳು. ಮಕ್ಕಳಿಗೆ ಒರೆಸುವಂತೆ, ಕಿವಿಯ ಹಿಂದೆ, ಕತ್ತಿಗೆ. ಆಮೇಲೆ ತೀರಿಕೊಂಡದ್ದು ಯಾರು ಎಂದು ಕೇಳಿದಳು. ಅವ್ವ ಎಂದಳು ಆಕೆ.

‘ಅತ್ತುಬುಡವ್ವ, ಇವತ್ತು ಅಳೋ ದಿನ’ ಎಂದಳು ಪುಟ್ಟಲಕ್ಷ್ಮಮ್ಮ. ‘ಆದ್ರೆ ಇನ್ನೊಂದ್ಸಲ ಬಾ. ಯಾವ ಕೆಲ್ಸನೂ ಇಟ್ಕಬ್ಯಾಡ, ಸುಮ್ನೆ ಒಳೆ ನೋಡಕ್ಕೆ ಬಾ. ನಾನು ಬಂದಿವ್ನಿ ನೋಡು.’

ಆ ಹೆಂಗಸು ಅವಳ ಭುಜಕ್ಕೆ ತಲೆಯಿಟ್ಟು ಅತ್ತಳು. ಅವಳ ಕಡೆಯವರು ಬಂದು ಕರೆಯುವವರೆಗೂ ಪುಟ್ಟಲಕ್ಷ್ಮಮ್ಮ ಅಲ್ಲೇ ನಿಂತಿದ್ದಳು. ಟವೆಲ್ಲನ್ನು ವಾಪಸು ಕೊಡಲು ಬಂದರೆ ಇಟ್ಟುಕೋ ಎಂದಳು. ಅವರೆಲ್ಲ ಮೆಟ್ಟಿಲು ಹತ್ತಿ ಮರೆಯಾದ ಮೇಲೆ ತಿರುಗಿದಾಗ ಅವಳ ಕಣ್ಣು ಒಣಗಿಯೇ ಇತ್ತು.

ಆಮೇಲೆ ಅವಳು ಸೀರೆಯನ್ನು ಮೊಣಕಾಲಿನವರೆಗೆ ಎತ್ತಿ ಸಿಕ್ಕಿಸಿ, ಕೊನೆಯ ಮೆಟ್ಟಿಲ ಮೇಲೆ ಕೂತು ಕಾಲು ನೀರಿಗೆ ಬಿಟ್ಟಳು. ಊರಿನಲ್ಲಿ ನೀರು ಎಂದರೆ ನಿಂತದ್ದು: ಕೆರೆಯದು, ತೊಟ್ಟಿಯದು, ಕೊಡದ್ದು. ಇದು ಕಾಲನ್ನು ಹಿಡಿದು ಎಳೆದು, ಬಿಟ್ಟು ಹೋಗುತ್ತಿತ್ತು. ಒಂದು ಹೋದರೆ ಹಿಂದೆಯೇ ಇನ್ನೊಂದು. ಸಣ್ಣ ಮೀನುಗಳು ಬಂದು ಹಿಮ್ಮಡಿಯ ಒಡಕಿಗೆ ಬಾಯಿಟ್ಟಾಗ ಅವಳು ಕಚಗುಳಿಗೆ ಕಾಲು ಎತ್ತಿ ಕಿಲಕಿಲ ನಕ್ಕಳು. ಅಂಥ ನಗು ಅವಳಲ್ಲಿದೆ ಎಂದು ಮಕ್ಕಳಿಗೆ ಗೊತ್ತಿರಲಿಲ್ಲ. ಚಿಕ್ಕಸಿದ್ದಯ್ಯನಿಗೆ ಮಾತ್ರ ಗೊತ್ತಿತ್ತು. ಮದುವೆಯಾದ ಹೊಸತರಲ್ಲಿ ಕೇಳಿದ್ದ. ಎಷ್ಟು ಹೊತ್ತು ಎಂದು ಯಾರೂ ನೋಡಲಿಲ್ಲ. ಶಶಿ ಯೋಜನೆಯ ಹಾಳೆ ತೆಗೆದವನು ಹಾಗೇ ಮಡಿಸಿ ಜೇಬಿಗೆ ಇಟ್ಟುಕೊಂಡ. ಬಿಸಿಲು ಇಳಿದು, ಆಚೆ ದಡದ ಮರಗಳಿಗೆ ಬಿಳಿಯ ಹಕ್ಕಿಗಳು ಸಾಲಾಗಿ ಬಂದು ಕೂರುವವರೆಗೂ ಅವಳು ಎದ್ದಿರಲಿಲ್ಲ.

ಬಾಬುರಾಯನಕೊಪ್ಪಲಿನಲ್ಲಿ ಕುಳ್ಳಮ್ಮ ರಸ್ತೆಯಲ್ಲೇ ನಿಂತಿದ್ದಳು. ನಾಟಿಕೋಳಿ ಸಾರು, ಮುದ್ದೆ, ಕಡಲೆಬೇಳೆ ಪಾಯಸ ಮಾಡಿದ್ದಳು. ಪುಟ್ಟಲಕ್ಷ್ಮಮ್ಮ ಎಲ್ಲರಿಗೂ ಬಡಿಸಿ ಕೊನೆಯಲ್ಲಿ, ನಿಧಾನವಾಗಿ, ಎರಡು ಸಲ ಪಾಯಸ ಹಾಕಿಸಿಕೊಂಡು ಉಂಡಳು.

ಮಾರನೆಯ ಬೆಳಿಗ್ಗೆ ನಾಲ್ಕೂಮುಕ್ಕಾಲಿಗೆ ಅವಳ ಕಣ್ಣು ತಾನಾಗಿ ತೆರೆಯಿತು. ಇವತ್ತು ಏಳಬೇಕಾಗಿಲ್ಲ ಎಂದು ನೆನಪಾಗಿ ಮಗ್ಗುಲು ಬದಲಾಯಿಸಿದಳು. ನಿದ್ದೆ ಬರಲಿಲ್ಲ. ಹೊರಗೆ ಬಂದು ಕೂತಳು. ಕೈಬೆರಳುಗಳು ಸುಮ್ಮನಿರದೆ ಮಡಿಚಿ ಬಿಚ್ಚುತ್ತಿದ್ದವು. ಹಿತ್ತಿಲಿನಲ್ಲಿ ಕುಳ್ಳಮ್ಮನ ಎಮ್ಮೆ ಕೂಗಿತು. ಅರ್ಧ ಗಂಟೆಯ ಮೇಲೆ ಕುಳ್ಳಮ್ಮ ಎದ್ದು ಬಂದು ನೋಡಿದರೆ, ನೆಂಟಳಾಗಿ ಬಂದವಳು ಎಮ್ಮೆಯ ಪಕ್ಕ ಕೂತು ನೊರೆ ಉಕ್ಕುವ ಪಾತ್ರೆ ಹಿಡಿದಿದ್ದಳು. ಕುಳ್ಳಮ್ಮ ತಲೆ ಚಚ್ಚಿಕೊಂಡಳು. ಒಂದು ದಿನ ಬಿಡುವು ಸಿಕ್ಕರೂ ಇದೇ ಕೆಲಸವಾ ಎಂದು ಬೈದಳು.

‘ಕರೀಲೇಬೇಕು ಅಂತ ಕರೆಯೋದು ಬ್ಯಾರೆ ಅಕ್ಕ’ ಎಂದಳು ಪುಟ್ಟಲಕ್ಷ್ಮಮ್ಮ. ‘ಇವತ್ತು ಆಸೆಯಾಯ್ತು, ಕರುದ್ಬುಟ್ಟೆ.’

ಆ ದಿನ ಸಂಗಮಕ್ಕೆ ಹೋದರು. ಹರಿಗೋಲಿನವನು ನಡುಹೊಳೆಯಲ್ಲಿ ಹರಿಗೋಲನ್ನು ಬುಗುರಿಯಂತೆ ತಿರುಗಿಸಿದಾಗ ಚಿಕ್ಕಸಿದ್ದಯ್ಯ ಕಣ್ಣು ಮುಚ್ಚಿ ಮನೆದೇವರಿಗೆ ಹರಕೆ ಹೊತ್ತ. ಪುಟ್ಟಲಕ್ಷ್ಮಮ್ಮ ಇನ್ನೊಂದು ಸುತ್ತು ತಿರುಗಿಸಪ್ಪ ಎಂದು ಕೇಳಿದಳು. ಪೇಟೆಯ ಹೋಟೆಲಿನಲ್ಲಿ ಮಸಾಲೆ ದೋಸೆ ಬಂತು. ಯೋಜನೆಯಲ್ಲಿ ಇದ್ದದ್ದು ನಾಲ್ಕು. ಮಮತ ಮೊದಲ ತುತ್ತು ಬಾಯಿಗಿಟ್ಟು ಕಣ್ಣು ಮುಚ್ಚಿದ್ದನ್ನು ನೋಡಿ ಪುಟ್ಟಲಕ್ಷ್ಮಮ್ಮ ತಾನಾಗಿಯೇ ಮಾಣಿಯನ್ನು ಕರೆದು ಇನ್ನೂ ಎರಡು ತರಿಸಿದಳು. ಮಗಳು ಹಾಳೆ ತೋರಿಸಿ ಬೇಡವೆಂದರೂ ಕೇಳಲಿಲ್ಲ.

ಊರಿಗೆ ಬಂದಾಗ ಗೌರಿ ಕಟ್ಟಿದ ಜಾಗದಲ್ಲೇ ಇತ್ತು. ಮೊದಲ ಸಂಜೆ ಅರ್ಧ ಲೀಟರು ಕಡಿಮೆ ಕೊಟ್ಟು, ಮಾರನೆಯ ಬೆಳಿಗ್ಗೆ ಸರಿಹೋಯಿತಂತೆ. ಸೋಮಮ್ಮ ಜಗಲಿಯಲ್ಲಿ ಕೂತು ಹೊಳೆಯ ಸಂಗತಿಯನ್ನೆಲ್ಲ ಕೇಳಿಸಿಕೊಂಡಳು. ರಜೆ ಮುಗಿದು ಶಾಲೆ ತೆರೆದಾಗ ಮಮತ ಯೋಜನೆಯನ್ನೂ ನಿಜವಾದ ಖರ್ಚನ್ನೂ ಅಕ್ಕಪಕ್ಕ ಬರೆದು ಕೊಟ್ಟಳು. ಬೇರೆ ಮಕ್ಕಳಲ್ಲಿ ಯಾರೂ ಹೋಗಿಬಂದಿರಲಿಲ್ಲ. ಮೇಷ್ಟ್ರು ದೋಸೆಯ ಬಾಬ್ತು ಮಿತಿ ಮೀರಿದ್ದಕ್ಕೆ ಒಂದು ಅಂಕ ಕಳೆದು ಇಪ್ಪತ್ನಾಲ್ಕು ಕೊಟ್ಟರು. ಆ ಒಂದು ಅಂಕ ನನ್ನ ತಪ್ಪಿಗೆ ಹೋಯಿತು ಎಂದು ಪುಟ್ಟಲಕ್ಷ್ಮಮ್ಮ ಡೈರಿಯ ಮುಂದೆ ಮೇಷ್ಟ್ರನ್ನು ನಿಲ್ಲಿಸಿ ವಾದ ಮಾಡಿದಳು. ಮೇಷ್ಟ್ರು ಅಂಕ ತಿದ್ದಲಿಲ್ಲ.

ಆ ವಾದ ಕೇಳುತ್ತಾ ಕ್ಯಾನು ಹಿಡಿದು ಸಾಲಿನಲ್ಲಿ ನಿಂತಿದ್ದ ಹೆಂಗಸರಿಗೆಲ್ಲ ಹೊಳೆಯ ಕಥೆ ಗೊತ್ತಾಯಿತು. ಅವರಲ್ಲಿ ಅರ್ಧಕ್ಕರ್ಧ ಜನ ತಮ್ಮ ತಮ್ಮ ಹಸುಗಳ ಹಗ್ಗಕ್ಕೆ ತಾವೇ ಕಟ್ಟುಬಿದ್ದವರು. ಬೇಸಿಗೆ ಬರುವಷ್ಟರಲ್ಲಿ ಪುಟ್ಟಲಕ್ಷ್ಮಮ್ಮ ಮಗಳನ್ನು ಕೂರಿಸಿಕೊಂಡು ಹೊಸದೊಂದು ಯೋಜನೆ ಹಾಕಿಸಿದಳು. ಕೃಷ್ಣರಾಜಪೇಟೆ ಕಡೆಯ ಹೇಮಗಿರಿಗೆ, ಹೇಮಾವತಿ ನೋಡಲು, ಇಪ್ಪತ್ತೆರಡು ಹೆಂಗಸರು. ಎರಡು ತಂಡ, ಎರಡು ದಿನ. ಒಂದು ತಂಡ ಹೋದಾಗ ಇನ್ನೊಂದು ತಂಡ ಅವರ ಹಸುಗಳನ್ನೂ ಕರೆಯಬೇಕು. ಗಂಡಸರು ಇದು ಆಗುವ ಹೋಗುವ ಮಾತಲ್ಲ ಎಂದರು. ಯಾವ ಹಸುವಿಗೆ ಯಾವ ಕೈ ಒಗ್ಗುತ್ತದೆ ಎಂದು ನೋಡಲು ಒಂದು ತಿಂಗಳು ಹಿಡಿಯಿತು. ಊರಿನ ಕೊಟ್ಟಿಗೆಗಳಲ್ಲಿ ಆ ತಿಂಗಳು ಚೆಲ್ಲಿದ ಹಾಲಿಗೂ ಕೇಳಿದ ನಗುವಿಗೂ ಅಳತೆಯಿಲ್ಲ.

ಮೊದಲ ತಂಡದ ಟೆಂಪೋ ಹೊರಟ ದಿನ ಡ್ರೈವರು ಹೇಮಗಿರಿಯಿಂದ ಎರಡು ಗಂಟೆಗೇ ವಾಪಸು ಹೊರಡಬೇಕು, ನನಗೆ ಬೇರೆ ಬಾಡಿಗೆ ಇದೆ ಎಂದ. ಪುಟ್ಟಲಕ್ಷ್ಮಮ್ಮ ಅವನ ಪಕ್ಕದ ಸೀಟಿನಲ್ಲಿ ಕೂತು, ಎಲೆ ಅಡಿಕೆಯ ಚೀಲವನ್ನು ಮಡಿಲಿಗೆ ಇಟ್ಟುಕೊಂಡು, ಆ ಬಾಡಿಗೆಯನ್ನು ಬೇರೆಯವರಿಗೆ ಕೊಟ್ಟುಬಿಡು ಎಂದಳು. ಹಿಂದೆ ಕೂತಿದ್ದ ಹತ್ತು ಜನವೂ ಅದನ್ನೇ ಹೇಳಿದರು. ಡ್ರೈವರು ಗಾಡಿ ಚಾಲೂ ಮಾಡಿದ.